ಗರಗಸದ ಹಲ್ಲು ಮತ್ತು ಉಕ್ಕಿನ ಹದ

ಭಕ್ತಿಮಾರ್ಗವು ಎಷ್ಟು ಕಠಿಣವಾದುದೆಂಬುದನ್ನು ಹೇಳುವ ಒಂದು ವಚನದಲ್ಲಿ ಬಸವಣ್ಣನವರು ಗರಗಸದ ಹೋಲಿಕೆಯನ್ನು ತಂದಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಆ ಗರಗಸಕ್ಕೆ ಎರಡು ದಿಕ್ಕಿನ ಚಲನೆಯಲ್ಲಿಯೂ ಕೆಲಸವುಂಟು; ಮುಂದೆ ಸಾಗಿದಾಗ ಹೇಗೋ ಹಿಂದೆ ಸರಿದಾಗಲೂ ಹಾಗೆಯೇ ಅದು ಮರವನ್ನು ಬಿಡದು. ವಚನದ ಅರ್ಥವನ್ನು ವಿವರಿಸುವುದು ನಮ್ಮ ಕೆಲಸವಲ್ಲ. ಆದರೆ ಭೌತಶಾಸ್ತ್ರವನ್ನು ಪಾಠ ಹೇಳುವವರಿಗೆ ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ಇಂದು ಬಡಗಿಯ ಕೈಯಲ್ಲಿ ಕಾಣುವ ಸಾಮಾನ್ಯ ಗರಗಸವು ಒಂದೇ ದಿಕ್ಕಿನಲ್ಲಿ ಕೊಯ್ಯುತ್ತದೆ. ಹಾಗಾದರೆ ಬಸವಣ್ಣನವರು ಕಂಡ ಗರಗಸ ಯಾವುದು?

ಈ ಸಂದೇಹವನ್ನು ಕಟ್ಟಿಕೊಂಡು ನಾವು ಬಸವಕಲ್ಯಾಣ ಮತ್ತು ಹುಮನಾಬಾದದ ಸೀಮೆಯಲ್ಲಿರುವ ದುಬಲಗುಂಡಿಯ ಒಬ್ಬ ವೃದ್ಧ ಬಡಗಿಯ ಬಳಿಗೆ ಹೋದೆವು. ಕಲ್ಯಾಣದ ಶರಣರಲ್ಲಿ ಬಾಚಿಕಾಯಕದ ಬಸವಪ್ಪನೆಂಬ ಬಡಗಿಯೂ ಒಬ್ಬನಿದ್ದನಾದ್ದರಿಂದ, ಮರಗೆಲಸದ ಹೋಲಿಕೆಗಳನ್ನು ಆ ನಾಡಿನಲ್ಲಿ ಯಾರೂ ಕೇಳಿದ ಮಾತಿನಿಂದ ಕಟ್ಟಿರಲಾರರು ಎಂಬ ಧೈರ್ಯ ನಮಗಿತ್ತು. ನಮ್ಮ ಪ್ರಶ್ನೆಯನ್ನು ಕೇಳಿ ಆ ಹಿರಿಯರು ತಮ್ಮ ಕೈಗರಗಸವನ್ನು ಹಲಗೆಯ ಮೇಲಿಟ್ಟು ಎರಡು ಸಲ ಆಡಿಸಿ ತೋರಿಸಿದರು. “ಇದು ಹೋಗಾಗ ಕೊಯ್ತದ್ರಿ ಸರ, ಬರಾಗ ಖಾಲಿ ಬರ್ತದ. ಬಸವಣ್ಣನವ್ರ ಗರಗಸ ಬ್ಯಾರೆದೇ ಇರಬೇಕು” ಎಂದರು. ಆ ಬೇರೆ ಗರಗಸವು ಎಂತಹದೆಂಬುದನ್ನು ಅರಿಯಬೇಕಾದರೆ ಮೊದಲು ಈ ಗರಗಸದ ಹಲ್ಲನ್ನು ಪರೀಕ್ಷಿಸಬೇಕು.

ಗರಗಸದ ಹಲ್ಲನ್ನು ಮುಮ್ಮೂಲೆಯ ಅರದಿಂದ ಉಜ್ಜಿ ಮಾಡುತ್ತಾರೆ. ಆ ಸೀಮೆಯ ಬಡಗಿಗಳು ಅರವನ್ನು ಕಾನಸ ಎನ್ನುತ್ತಾರೆ. ಅರದ ಅಡ್ಡಕೊಯ್ತವು ಸಮಬಾಹು ತ್ರಿಕೋನವಾಗಿರುವುದರಿಂದ ಅದು ಕೊರೆದ ಪ್ರತಿ ಸಂದಿನ ಕೋನವೂ ೬೦ ಡಿಗ್ರಿ. ಎರಡು ಸಂದುಗಳ ನಡುವೆ ಉಳಿದ ಹಲ್ಲಿನ ತುದಿಯ ಕೋನವೂ ೬೦ ಡಿಗ್ರಿ. ಈ ಕೋನವನ್ನು ಬಡಗಿಯು ಬದಲಿಸಲಾರನು. ಆದರೆ ಅರವನ್ನು ಕೈಯಲ್ಲಿ ಸ್ವಲ್ಪ ಹೊರಳಿಸಿ ಹಿಡಿದರೆ ಹಲ್ಲು ಯಾವ ಕಡೆಗೆ ವಾಲಬೇಕೆಂಬುದನ್ನು ಅವನು ನಿರ್ಧರಿಸಬಲ್ಲನು. ಹಲ್ಲಿನ ಮುಂಬದಿಯನ್ನು ನೆಟ್ಟಗೆ, ಎಂದರೆ ಹಲ್ಲಿನ ಸಾಲಿಗೆ ೯೦ ಡಿಗ್ರಿಯಲ್ಲಿ ನಿಲ್ಲಿಸಿದರೆ, ಹಿಂಬದಿಯು ೩೦ ಡಿಗ್ರಿಯ ಇಳಿಜಾರಾಗುತ್ತದೆ. ಅಂತಹ ಹಲ್ಲು ಒಂದು ಪುಟ್ಟ ಉಳಿಯಂತೆ ಮುಂದಕ್ಕೆ ಹೋಗುವಾಗ ಮರವನ್ನು ಎಬ್ಬುತ್ತದೆ; ಹಿಂದಕ್ಕೆ ಬರುವಾಗ ಅದರ ಇಳಿಜಾರು ಬೆನ್ನು ಮರದ ಮೇಲೆ ಜಾರಿಬಿಡುತ್ತದೆ. ಎರಡು ಬದಿಗಳನ್ನೂ ೬೦ ಡಿಗ್ರಿಯಲ್ಲಿ ಸಮನಾಗಿ ನಿಲ್ಲಿಸಿದರೆ ಹಲ್ಲಿಗೆ ಮುಂದು ಹಿಂದು ಎಂಬ ಭೇದವೇ ಉಳಿಯುವುದಿಲ್ಲ. ಇಬ್ಬರು ಎದುರುಬದುರು ನಿಂತು ಎಳೆಯುವ ದೊಡ್ಡ ಗರಗಸದ ಹಲ್ಲು ಇಂತಹದು. ಬಸವಣ್ಣನವರ ಗರಗಸವು ಇದೇ ಜಾತಿಯದೆಂದು ಊಹಿಸುವುದರಲ್ಲಿ ತಪ್ಪಿಲ್ಲ. ಆದರೆ ಇದು ಅರ್ಧ ಉತ್ತರ ಮಾತ್ರ. ಉಳಿದರ್ಧವು ಹಲ್ಲಿನಲ್ಲಿಲ್ಲ, ಅಲಗಿನಲ್ಲಿದೆ.

ಮರವೆಂಬುದು ಎಲ್ಲ ದಿಕ್ಕಿನಲ್ಲಿಯೂ ಒಂದೇ ಗುಣವುಳ್ಳ ವಸ್ತುವಲ್ಲ. ಬೀದರ ಕಲಬುರ್ಗಿಗಳ ವಿದ್ಯಾರ್ಥಿಗಳು ಒಂದು ತೊಗರಿಕಟ್ಟಿಗೆಯ ಹೊರೆಯನ್ನು ನೆನೆದುಕೊಂಡರೆ ಸಾಕು. ಹೊರೆಯ ಉದ್ದಕ್ಕೆ ಉಳಿ ಇಟ್ಟರೆ ಕಡ್ಡಿಗಳು ಒಂದರಿಂದೊಂದು ಬೇರೆಯಾಗುತ್ತವೆ. ಅಡ್ಡಲಾಗಿ ಉಳಿ ಇಟ್ಟರೆ ಕಡ್ಡಿಗಳು ಜಜ್ಜಿ ನಾರುನಾರಾಗುತ್ತವೆ. ಮರದ ಎಳೆಗಳೂ ಹೀಗೆಯೇ. ಆದುದರಿಂದ ಎಳೆಯುದ್ದಕ್ಕೆ ಸೀಳುವ ಗರಗಸಕ್ಕೆ ಉಳಿಯಂತಹ ನೆಟ್ಟನೆಯ ಹಲ್ಲು ಬೇಕು. ಎಳೆಗೆ ಅಡ್ಡಲಾಗಿ ಕೊಯ್ಯುವ ಗರಗಸಕ್ಕಾದರೋ ಅರವನ್ನು ಓರೆಯಾಗಿ ನಡೆಸಿ, ಒಂದು ಬಿಟ್ಟೊಂದು ಹಲ್ಲಿನ ಎಡ ಅಂಚನ್ನೂ ಬಲ ಅಂಚನ್ನೂ ಚಾಕುವಿನ ಮೊನೆಯಂತೆ ಹರಿತ ಮಾಡಬೇಕು. ಆಗ ಹಲ್ಲುಗಳು ಮೊದಲು ಎರಡು ಗೀರುಗಳನ್ನು ಎಳೆದು ಎಳೆಗಳನ್ನು ಕತ್ತರಿಸುತ್ತವೆ. ನಡುವೆ ಉಳಿದ ಪುಡಿಯು ತಾನಾಗಿ ಉದುರುತ್ತದೆ. ಇದಲ್ಲದೆ ಹಲ್ಲುಗಳನ್ನು ಒಂದನ್ನು ಎಡಕ್ಕೆ ಮತ್ತೊಂದನ್ನು ಬಲಕ್ಕೆ ಕೊಂಚ ಬಾಗಿಸುವುದುಂಟು. ಸೀಳು ಅಲಗಿಗಿಂತ ಅಗಲವಾಗದಿದ್ದರೆ ಅಲಗು ಮರದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಬಾಗಿಸುವುದು ಹೆಚ್ಚಾದರೆ ಮರವೂ ಶ್ರಮವೂ ವ್ಯರ್ಥ. ಕಡಿಮೆಯಾದರೆ ಗರಗಸ ನಡೆಯದು. ಒಳ್ಳೆಯ ಗರಗಸವನ್ನು ಮಾಡುವವರು ಅಲಗಿನ ಬೆನ್ನನ್ನು ಹಲ್ಲಿನ ಅಂಚಿಗಿಂತ ತೆಳ್ಳಗೆ ಸಾಣೆ ಹಿಡಿಯುವುದು ಇದಕ್ಕಾಗಿಯೇ. ಬೆನ್ನು ತೆಳ್ಳಗಿದ್ದಷ್ಟೂ ಹಲ್ಲನ್ನು ಬಾಗಿಸಬೇಕಾದ ಅವಶ್ಯಕತೆ ಕಡಿಮೆ.

ಅಲಗು ತೆಳ್ಳಗಿದ್ದರೆ ಇಷ್ಟೆಲ್ಲ ಲಾಭವಿರುವಾಗ ಅದನ್ನು ಇನ್ನೂ ತೆಳ್ಳಗೆ ಮಾಡಬಾರದೇಕೆ? ಇದಕ್ಕೆ ಉತ್ತರವನ್ನು ವಾಚಕರು ತಾವೇ ಕಾಣಬಹುದು. ಒಂದು ಅಂಚೆಕಾರ್ಡಿನಿಂದ ಎರಡು ಬೆರಳಗಲದ ಉದ್ದ ಪಟ್ಟಿಯನ್ನು ಕತ್ತರಿಸಿ, ಎರಡು ತುದಿಗಳನ್ನು ಹಿಡಿದು ಎಳೆಯಿರಿ. ಅದು ಬಿಗಿಯಾಗಿ ನೆಟ್ಟಗಾಗುತ್ತದೆ. ಈಗ ತುದಿಗಳನ್ನು ಒಂದರ ಕಡೆಗೊಂದು ನೂಕಿರಿ. ಎಳ್ಳಷ್ಟು ಬಲಕ್ಕೇ ಪಟ್ಟಿಯು ಬಿಲ್ಲಿನಂತೆ ಬಾಗುತ್ತದೆ. ಉದ್ದವಾದ ತೆಳು ವಸ್ತುವನ್ನು ನೂಕಿದಾಗ ಅದು ಎಷ್ಟು ಬಲದವರೆಗೆ ನೆಟ್ಟಗಿರುವುದೆಂಬುದನ್ನು ಆಯ್ಲರ್ ಎಂಬ ಗಣಿತಜ್ಞನು ೧೮ನೆಯ ಶತಮಾನದಲ್ಲಿಯೇ ಲೆಕ್ಕ ಹಾಕಿ ತೋರಿಸಿದನು. ಆ ಬಲವು ದಪ್ಪದ ಘನವನ್ನು ಅನುಸರಿಸುತ್ತದೆ. ೦.೮ ಮಿಲಿಮೀಟರ್ ದಪ್ಪದ ಅಲಗನ್ನು ೦.೪ ಮಿಲಿಮೀಟರಿಗೆ ಇಳಿಸಿದರೆ ಎಳೆತವನ್ನು ತಾಳುವ ಶಕ್ತಿಯು ಅರ್ಧಕ್ಕೆ ಇಳಿಯುವುದು; ನೂಕನ್ನು ತಾಳುವ ಶಕ್ತಿಯಾದರೋ ಎಂಟನೆಯ ಒಂದು ಪಾಲಿಗೆ ಇಳಿಯುವುದು!

ಈ ಒಂದು ಸಮೀಕರಣವು ಪ್ರಪಂಚದ ಗರಗಸಗಳನ್ನು ಎರಡು ಕುಲಗಳಾಗಿ ಒಡೆದಿದೆ. ಪ್ರಾಚೀನ ಈಜಿಪ್ಟಿನವರ ಗರಗಸಗಳು ತಾಮ್ರದವು. ಮೆದುವಾದ ತಾಮ್ರವನ್ನು ನೂಕಿದರೆ ಅದು ಮಡಿಸಿಕೊಳ್ಳುತ್ತದೆ. ಆದುದರಿಂದ ಅವರು ಎಳೆದು ಕೊಯ್ದರು. ಜಪಾನಿನ ಬಡಗಿಗಳಿಗೆ ಉತ್ತಮ ಉಕ್ಕು ಇದ್ದರೂ ಅವರು ಎಳೆಯುವ ಪದ್ಧತಿಯನ್ನೇ ಉಳಿಸಿಕೊಂಡು ಅದರ ಲಾಭವನ್ನು ಪೂರ್ತಿಯಾಗಿ ಪಡೆದರು. ಅವರ ಅಲಗುಗಳು ಬಹು ತೆಳು, ಹಲ್ಲುಗಳು ಬಹು ಗಡಸು. ಯೂರೋಪಿನವರು ನೂಕಿ ಕೊಯ್ಯುವವರು. ಅಲಗು ಬಾಗದಂತೆ ಅವರು ಒಂದೋ ಅದನ್ನು ದಪ್ಪ ಮಾಡಿದರು, ಇಲ್ಲವೇ ಮರದ ಚೌಕಟ್ಟಿನಲ್ಲಿ ಹುರಿ ತಿರುಚಿ ಬಿಗಿದರು, ಅಥವಾ ಅಲಗಿನ ಬೆನ್ನಿಗೆ ಹಿತ್ತಾಳೆಯ ದಪ್ಪ ಪಟ್ಟಿಯನ್ನು ಮಡಿಸಿ ಕೂರಿಸಿದರು. ಮೇಜಿನ ಸೆಳೆಪೆಟ್ಟಿಗೆಯ ಮೂಲೆಗಳನ್ನು ಕೂಡಿಸುವ ನಯವಾದ ಕೆಲಸಕ್ಕೆ ಇಂದಿಗೂ ಈ ಹಿತ್ತಾಳೆ ಬೆನ್ನಿನ ಗರಗಸವೇ ಬೇಕು. ಅದಕ್ಕೆ ಅಂಗುಲಕ್ಕೆ ೧೫ರಿಂದ ೨೦ ಹಲ್ಲುಗಳಿರುವುದುಂಟು.

ಇನ್ನು ಉಕ್ಕಿನ ವಿಚಾರ. ಗರಗಸದ ಉಕ್ಕಿನಲ್ಲಿ ನೂರಕ್ಕೆ ೦.೮ರಿಂದ ೧ರಷ್ಟು ಇಂಗಾಲವಿರಬೇಕು. ಉಕ್ಕೆಂದೊಡನೆ ಕನ್ನಡಿಗರು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಪಾಶ್ಚಾತ್ಯರು ‘ವೂಟ್ಜ್’ ಎಂದು ಕರೆದ ಪ್ರಸಿದ್ಧ ಭಾರತೀಯ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದುದೆಂಬುದು ಅನೇಕ ವಿದ್ವಾಂಸರ ಮತ. ಮೈಸೂರು ಸೀಮೆಯಲ್ಲಿ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದುದನ್ನು ಬುಕಾನನ್ ೧೮೦೦-೦೧ರ ತನ್ನ ಪ್ರವಾಸದಲ್ಲಿ ಕಂಡು ಬರೆದಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅಂತಹ ಮೂಸೆಗಳ ಅವಶೇಷಗಳು ದೊರೆತಿವೆ. ಬೀದರಿನ ಈಶಾನ್ಯಕ್ಕೆ, ನಿಜಾಮಾಬಾದ ಸೀಮೆಯ ಕೋನಸಮುದ್ರಂ ಇನ್ನೂ ಹೆಸರಾದ ಸ್ಥಳ. ಅಲ್ಲಿಯ ಉಕ್ಕನ್ನು ಕೊಳ್ಳಲು ಪಾರಸಿ ದೇಶದ ವರ್ತಕರು ಬರುತ್ತಿದ್ದರೆಂದು ಭೂವಿಜ್ಞಾನಿ ವಾಯ್ಸಿಯ ವರದಿಯಿಂದ ತಿಳಿಯುತ್ತದೆ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ದುಬಲಗುಂಡಿಯೂ ಕೋನಸಮುದ್ರವೂ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು. ಈ ಉಕ್ಕಿನ ಗುಟ್ಟನ್ನು ತಿಳಿಯಲು ೧೭೯೫ರಲ್ಲಿ ಪಿಯರ್‌ಸನ್, ೧೮೧೯ರಲ್ಲಿ ಫ್ಯಾರಡೆ ಮಾಡಿದ ಪ್ರಯತ್ನಗಳು ಲೋಹಶಾಸ್ತ್ರದ ಚರಿತ್ರೆಯಲ್ಲಿ ಸೇರಿಹೋಗಿವೆ. ವಿದ್ಯುಚ್ಛಾಸ್ತ್ರದ ಫ್ಯಾರಡೆಯನ್ನು ಮಾತ್ರ ಬಲ್ಲ ವಿದ್ಯಾರ್ಥಿಗಳಿಗೆ ಇದು ಆಶ್ಚರ್ಯವನ್ನುಂಟುಮಾಡಬಹುದು.

ಆದರೆ ಅಭಿಮಾನಕ್ಕೂ ಒಂದು ಮಿತಿ ಬೇಕು. ಜಗತ್ಪ್ರಸಿದ್ಧವಾದ ಕತ್ತಿಯ ಉಕ್ಕು ಇದ್ದ ಮಾತ್ರಕ್ಕೆ ಒಳ್ಳೆಯ ಗರಗಸದ ಉಕ್ಕೂ ಇತ್ತೆಂದು ಹೇಳಲಾಗದು. ಆ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ೧.೫ರ ಆಸುಪಾಸಿನಲ್ಲಿರುತ್ತಿತ್ತು. ಅದನ್ನು ಎಚ್ಚರದಿಂದ ಬಡಿದು ಕತ್ತಿ ಮಾಡಬಹುದು. ಅಗಲವಾದ ತೆಳು ತಗಡಾಗಿ ಹರವುವುದು ಬಹು ಕಷ್ಟ. ಗರಗಸವು ಕೇಳುವುದು ಕಡಿಮೆ ಇಂಗಾಲದ, ಎಲ್ಲೆಡೆಯೂ ಒಂದೇ ಸಮನಾದ, ಉರುಳೆಗಳ ನಡುವೆ ಹಾಯಿಸಿ ತೆಗೆದ ಹಾಳೆಯನ್ನು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ೧೭೪೦ರ ದಶಕದಲ್ಲಿ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ಸಾಧಿಸಿದ ಮೇಲೆ, ಉರುಳೆ ಯಂತ್ರವೂ ಅದರ ಜೊತೆಗೂಡಿ, ಆ ಊರು ಗರಗಸಗಳ ತವರಾಯಿತು. ಅಲ್ಲಿಂದ ಕುಶಲಕರ್ಮಿಗಳೂ ಉಕ್ಕೂ ಅಮೆರಿಕಕ್ಕೆ ಹೋದವು. ಇಂಗ್ಲೆಂಡಿನಲ್ಲಿ ಹುಟ್ಟಿದ ಹೆನ್ರಿ ಡಿಸ್ಟನ್ ೧೮೪೦ರಲ್ಲಿ ಫಿಲಡೆಲ್ಫಿಯದಲ್ಲಿ ತನ್ನ ಕಾರ್ಖಾನೆಯನ್ನು ತೆರೆದನು. ೧೮೫೫ರಲ್ಲಿ ಉಕ್ಕನ್ನೂ ತಾನೇ ಮಾಡತೊಡಗಿದನು. ಸರಿಯಾಗಿ ನೂರು ವರ್ಷಗಳ ಬಳಿಕ, ೧೯೫೫ರಲ್ಲಿ, ಆ ಕುಟುಂಬವು ಉದ್ಯಮವನ್ನು ಮಾರಿಬಿಟ್ಟಿತು.

ಹಾಳೆ ದೊರೆತ ಮೇಲೆ ಅದನ್ನು ಹದಗೊಳಿಸಬೇಕು. ಕೈಗರಗಸದ ತಯಾರಿಕೆಯಲ್ಲಿ ಇದಕ್ಕಿಂತ ಕಷ್ಟವಾದ ಹಂತವಿಲ್ಲ. ಕುಲುಮೆಯಲ್ಲಿ ಉಕ್ಕನ್ನು ಕಾಯಿಸಿದಂತೆಲ್ಲ ಅದು ಕೆಂಪೇರುತ್ತದೆ. ಸುಮಾರು ೭೩೦ ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಕಬ್ಬಿಣದ ಪರಮಾಣುಗಳು ತಮ್ಮ ಜೋಡಣೆಯನ್ನೇ ಬದಲಿಸಿ, ಇಂಗಾಲಕ್ಕೆ ಎಡೆಕೊಡುವ ಬೇರೊಂದು ಜಾಲರಿಯಾಗಿ ನಿಲ್ಲುತ್ತವೆ. ಈ ಬದಲಾವಣೆಯನ್ನು ಕಣ್ಣು ಕಾಣದು; ಆದರೆ ಅಯಸ್ಕಾಂತ ಕಾಣುತ್ತದೆ. ಹೊಸ ಜೋಡಣೆಯ ಉಕ್ಕಿಗೆ ಅಯಸ್ಕಾಂತವು ಅಂಟುವುದಿಲ್ಲ. ಶುದ್ಧ ಕಬ್ಬಿಣವು ೭೭೦ ಡಿಗ್ರಿಯಲ್ಲಿ ಕಾಂತಗುಣವನ್ನು ಕಳೆದುಕೊಳ್ಳುವುದೆಂದು ಪಠ್ಯಪುಸ್ತಕಗಳಲ್ಲಿ ಓದಿದವರು ಈ ಎರಡು ಸಂಖ್ಯೆಗಳನ್ನು ಬೆರೆಸಬಾರದು. ಗರಗಸದ ಉಕ್ಕಿನಲ್ಲಿ ಜಾಲರಿಯ ಬದಲಾವಣೆಯೇ ಮೊದಲು ಬರುತ್ತದೆ. ಆದ್ದರಿಂದ ತಿಳಿದ ಕಮ್ಮಾರನು ಅಯಸ್ಕಾಂತ ಬಿಟ್ಟುಕೊಟ್ಟ ಮೇಲೆ ಮತ್ತಷ್ಟು ಕಾಯಿಸಿ, ಸುಮಾರು ೮೦೦ ಡಿಗ್ರಿಯ ಕೆಂಪಿನಲ್ಲಿ ಅದನ್ನು ಎಣ್ಣೆಯಲ್ಲಿ ಅದ್ದುತ್ತಾನೆ. ನೀರಿನಲ್ಲಿ ಅದ್ದಿದರೆ ತೆಳು ಹಾಳೆಯು ಬಿರಿಯುವ ಭಯವಿದೆ.

ಥಟ್ಟನೆ ತಣಿದಾಗ ಇಂಗಾಲಕ್ಕೆ ಹೊರಬರಲು ವೇಳೆಯಿಲ್ಲ. ಅದು ಜಾಲರಿಯೊಳಗೇ ಸಿಕ್ಕಿಕೊಂಡು ಅದನ್ನು ಸೆಳೆದು ವಿರೂಪಗೊಳಿಸುತ್ತದೆ. ಜರ್ಮನಿಯ ಮಾರ್ಟೆನ್ಸನ ಹೆಸರಿನಿಂದ ಮಾರ್ಟೆನ್ಸೈಟ್ ಎನಿಸಿಕೊಳ್ಳುವ ಈ ರಚನೆಯು ಗಾಜಿನಂತೆ ಗಡಸು, ಗಾಜಿನಂತೆಯೇ ಪೆಡಸು. ಈ ಸ್ಥಿತಿಯ ಅಲಗು ಕೈತಪ್ಪಿ ಬಿದ್ದರೆ ಒಡೆದೀತು. ಆಗ ಅದನ್ನು ಮತ್ತೆ ಮೆಲ್ಲನೆ ಕಾಯಿಸಬೇಕು. ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಬಣ್ಣಗಳ ಮೆರವಣಿಗೆಯೊಂದು ಹೊರಡುತ್ತದೆ: ಸುಮಾರು ೨೨೫ ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ೨೫೫ರಲ್ಲಿ ಕಂದು, ೨೮೦ರಲ್ಲಿ ನೇರಳೆ, ೩೦೦ರ ಹತ್ತಿರ ನೀಲಿ. ಈ ಬಣ್ಣವು ಉಕ್ಕಿನದಲ್ಲ. ಗಾಳಿಯ ಆಮ್ಲಜನಕವು ಉಕ್ಕಿನ ಮೇಲೆ ಬೆಳೆಸಿದ ಆಕ್ಸೈಡಿನ ಪೊರೆಯು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಪೊರೆಯ ಮೇಲಿಂದ ಮರಳಿದ ಬೆಳಕೂ ಅದರ ತಳದಿಂದ ಮರಳಿದ ಬೆಳಕೂ ಕೂಡಿ ಕೆಲವು ಬಣ್ಣಗಳನ್ನು ಅಳಿಸಿ ಕೆಲವನ್ನು ಉಳಿಸುತ್ತವೆ. ಸಾಬೂನಿನ ಗುಳ್ಳೆಯ ಮೇಲೆ, ಮಳೆಗಾಲದ ರಸ್ತೆಯಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಕಾಣುವುದೂ ಇದೇ ವ್ಯತಿಕರಣ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಶಾಖ ಹೆಚ್ಚಿದಂತೆ ಪೊರೆ ದಪ್ಪವಾಗುತ್ತದೆ. ಉಷ್ಣತಾಮಾಪಕವನ್ನು ಎಂದೂ ಕಾಣದ ಕಮ್ಮಾರನ ಕಣ್ಣೇ ಉಷ್ಣತಾಮಾಪಕವಾದುದು ಹೀಗೆ. ಆದರೆ ಬಹಳ ಹೊತ್ತು ಕಾಯಿಸಿದರೆ ಕಡಿಮೆ ಶಾಖದಲ್ಲಿಯೂ ಪೊರೆ ಬೆಳೆಯುವುದರಿಂದ ಬಣ್ಣದ ಜೊತೆಗೆ ವೇಳೆಯನ್ನೂ ಗಮನಿಸಬೇಕು. ಅವಸರದ ಕೆಲಸಗಾರನೂ ಆಲಸಿಯೂ ಇಲ್ಲಿ ಒಂದೇ ಸಮನಾಗಿ ಮೋಸಹೋಗುತ್ತಾರೆ.

ಉಳಿಯನ್ನು ಹುಲ್ಲಿನ ಬಣ್ಣದಲ್ಲಿಯೇ ನಿಲ್ಲಿಸುವವರು ಗರಗಸವನ್ನು ನೀಲಿಯವರೆಗೆ ಏಕೆ ಕೊಂಡೊಯ್ಯುತ್ತಾರೆ? ಗಡಸುತನವನ್ನು ಕೈಯಾರೆ ಬಿಟ್ಟುಕೊಡುವುದೇಕೆ? ಬಾಗಿದರೆ ಮುರಿಯದೆ ಮರಳಿ ನೆಟ್ಟಗಾಗುವ ಗುಣ ಅಲಗಿಗೆ ಬೇಕು; ಮುರಿಯದೆ ಓರೆಗೆ ಬಗ್ಗುವ ಗುಣ ಹಲ್ಲಿಗೆ ಬೇಕು. ಇವೆರಡಕ್ಕಿಂತ ಹೆಚ್ಚಾಗಿ ಅರವು ಹಲ್ಲನ್ನು ಕಡಿಯಬೇಕು. ರಾಕ್‌ವೆಲ್ ಮಾಪನದಲ್ಲಿ ಅರದ ಗಡಸುತನ ೬೦ಕ್ಕಿಂತ ಮೇಲಿರುತ್ತದೆ. ಒಳ್ಳೆಯ ಕೈಗರಗಸದ್ದು ೫೦ರ ಹತ್ತಿರ. ಈ ಅಂತರವೇ ಗರಗಸದ ಆಯುಷ್ಯ. ಮೊಂಡಾದ ಹಲ್ಲನ್ನು ಬಡಗಿಯು ತನ್ನ ಕೈಯಿಂದ ಮತ್ತೆ ಹರಿತ ಮಾಡಬಲ್ಲನೆಂಬುದು ಈ ಅಂತರದ ಮೇಲೆಯೇ ನಿಂತಿದೆ.

ಎಣ್ಣೆಯಿಂದ ಹೊರಬಂದ ಹಾಳೆಯು ಒಣಗಿದ ಹಪ್ಪಳದಂತೆ ಸುರುಟಿರುತ್ತದೆ. ಅದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವ ಕೆಲಸವನ್ನು ಬರಹದಲ್ಲಿ ಹೇಳಿ ಕಲಿಸಲಾಗದು. ಉಬ್ಬನ್ನು ಬಡಿದರೆ ಉಬ್ಬು ಇಳಿಯುವುದಿಲ್ಲ, ಮತ್ತಷ್ಟು ಹಿಗ್ಗುತ್ತದೆ. ಉಬ್ಬಿನ ಸುತ್ತಲೂ ಬಡಿದು ಅಲ್ಲಿಯ ಉಕ್ಕನ್ನು ಹಿಗ್ಗಿಸಿದರೆ ಉಬ್ಬು ತಾನಾಗಿ ಅಡಗುತ್ತದೆ. ಕೆಲಸಗಾರನು ಅಲಗನ್ನು ಬೆಳಕಿಗೆ ಹಿಡಿದು ನೆರಳಿನ ಅಂಚನ್ನು ನೋಡುತ್ತಾನೆ, ಬಗ್ಗಿಸಿ ಬಿಡುತ್ತಾನೆ, ಬೆರಳಿನಿಂದ ತಟ್ಟಿ ದನಿಯನ್ನು ಕೇಳುತ್ತಾನೆ.

ದುಬಲಗುಂಡಿಯ ಬಡಗಿಯ ಕೈಗರಗಸವನ್ನು ನಾವು ತಟ್ಟಿದೆವು. ದನಿ ಬಹಳ ಹೊತ್ತು ನಿಂತಿತು. ಅದು ಅವರ ತಂದೆಯ ಕಾಲದ್ದು. ವರ್ಷವರ್ಷವೂ ಅರ ಹಾಕಿ ಹಾಕಿ ಅದರ ಅಗಲವು ಅರ್ಧಕ್ಕೆ ಬಂದಿತ್ತು. ಆಮೇಲೆ ಅವರು ಪೇಟೆಯಿಂದ ತಂದ ಇನ್ನೊಂದನ್ನು ತೋರಿಸಿದರು. ಅದರ ಹಲ್ಲಿನ ತುದಿಗಳಲ್ಲಿ ಮಾತ್ರ ಕಪ್ಪುನೀಲಿಯ ಛಾಯೆಯೊಂದು ಸಾಲಾಗಿ ಕಾಣುತ್ತಿತ್ತು. “ಕಾಕಾ, ಇದಕ್ಕೆ ಅರ ಹಾಕೂದಿಲ್ಲೇನು?” ಎಂದು ಕೇಳಿದೆವು. ಅವರು ಅರವನ್ನು ಒಂದು ಹಲ್ಲಿನ ಮೇಲೆ ಎಳೆದರು; ಅದು ಕಡಿಯದೆ ಕಿರ್ರೆಂದು ಜಾರಿತು. “ಇದರ ಮ್ಯಾಲ ಕಾನಸೇ ಸವೀತದ ನೋಡ್ರಿ” ಎಂದರು.

ಇದರಲ್ಲಿ ಮೋಸವೇನೂ ಇಲ್ಲ, ಅಚ್ಚ ಭೌತಶಾಸ್ತ್ರವಿದೆ. ಹೆಚ್ಚು ಆವರ್ತನದ ವಿದ್ಯುತ್ ಹರಿಯುವ ಸುರುಳಿಯ ಬಳಿ ಹಲ್ಲುಗಳನ್ನು ಹಾಯಿಸಿದಾಗ ಅವುಗಳಲ್ಲಿಯೇ ಸುಳಿ ಪ್ರವಾಹಗಳು ಹುಟ್ಟಿ ಕ್ಷಣಮಾತ್ರದಲ್ಲಿ ತುದಿಗಳು ಕೆಂಪೇರುತ್ತವೆ, ಮತ್ತು ಥಟ್ಟನೆ ತಣಿದು ಅರದಷ್ಟೇ ಗಡಸಾಗುತ್ತವೆ. ಅಂತಹ ಹಲ್ಲು ಬಹುಕಾಲ ಮೊಂಡಾಗುವುದಿಲ್ಲ. ಮೊಂಡಾದ ದಿನ ಗರಗಸವನ್ನು ಎಸೆಯಬೇಕು. ಕಟ್ಟಡದ ಕೆಲಸದಲ್ಲಿ ಹಲಗೆ ಕೊಯ್ಯುವವನಿಗೆ ಇದು ಅನುಕೂಲವೆಂಬುದನ್ನು ಅಲ್ಲಗಳೆಯಲಾರೆವು. ಆದರೆ ಸೀಳುವುದಕ್ಕೊಂದು, ಅಡ್ಡ ಕೊಯ್ಯುವುದಕ್ಕೊಂದು, ಜಾಲಿಗೊಂದು, ಸಾಗುವಾನಿಗೊಂದು ಎಂದು ಹಲ್ಲನ್ನು ತನ್ನ ಕೆಲಸಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯವು ಬಡಗಿಯ ಕೈಯಿಂದ ಕಾರ್ಖಾನೆಗೆ ಹೋಯಿತು. ಆ ಹಿರಿಯರ ಮೊಮ್ಮಗನಿಗೆ ವಿದ್ಯುತ್ ಗರಗಸವನ್ನು ನಡೆಸಲು ಬರುತ್ತದೆ, ಅರ ಹಿಡಿಯಲು ಬರುವುದಿಲ್ಲ.

ಕೈಗರಗಸವನ್ನು ನಾವು ಬರಿಯ ಮಮತೆಯಿಂದ ಹೊಗಳುತ್ತಿಲ್ಲವೆಂಬುದಕ್ಕೆ ಒಂದು ಲೆಕ್ಕ. ೧೦೦ ಮಿಲಿಮೀಟರ್ ದಪ್ಪದ ಸಾಗುವಾನಿ ತುಂಡನ್ನು ೬ ಮಿಲಿಮೀಟರಿನ ಹಲಗೆಗಳಾಗಿ ಸೀಳಬೇಕಾಗಿದೆಯೆನ್ನೋಣ. ವಿದ್ಯುತ್ತಿನ ಚಕ್ರಗರಗಸದ ಸೀಳು ೩ ಮಿಲಿಮೀಟರ್ ಅಗಲವಾದರೆ ೧೧ ಹಲಗೆಗಳು ದೊರೆಯುತ್ತವೆ. ೧.೨ ಮಿಲಿಮೀಟರ್ ಸೀಳಿನ ಕೈಗರಗಸದಿಂದ ೧೪ ದೊರೆಯುತ್ತವೆ. ಮೂರು ಹಲಗೆಗಳಷ್ಟು ಸಾಗುವಾನಿ ಹೊಟ್ಟಾಗಿ ಹೋಗುವುದೋ ಉಳಿಯುವುದೋ ಎಂಬುದು ಅಲಗಿನ ದಪ್ಪದಲ್ಲಿದೆ. ಚಕ್ರವು ನಿಮಿಷದಲ್ಲಿ ಮುಗಿಸುವುದನ್ನು ಕೈಯಿಂದ ಮಾಡಲು ಎಷ್ಟು ಬೆವರು ಸುರಿಯಬೇಕೆಂಬುದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲವೆಂಬುದು ನಿಜವೇ.

ಹೊರಡುವ ಮುನ್ನ ಆ ಹಿರಿಯರು ಕೊಟ್ಟಿಗೆಯ ತೊಲೆಗೆ ತೂಗುಹಾಕಿದ್ದ ಉದ್ದನೆಯ ಇಬ್ಬಾಳು ಗರಗಸವೊಂದನ್ನು ಇಳಿಸಿದರು. ತುಕ್ಕು ಹಿಡಿದಿದ್ದರೂ ಹಲ್ಲುಗಳ ಆಕಾರ ಸ್ಪಷ್ಟವಾಗಿತ್ತು. ಎರಡು ಬದಿಯೂ ಸಮವಾಗಿದ್ದ ತ್ರಿಕೋನಗಳು. ಅಲಗು ಮಾತ್ರ ಇಷ್ಟು ಉದ್ದಕ್ಕೆ ಇಷ್ಟು ತೆಳುವೇ ಎಂಬಂತಿತ್ತು. ಆಯ್ಲರನ ಲೆಕ್ಕದಂತೆ ಅದನ್ನು ನೂಕಿದರೆ ಬಾಗದೆ ಉಳಿಯದು, ಹಾಗಿದ್ದೂ ಅದು ಎರಡು ದಿಕ್ಕಿಗೂ ಕೊಯ್ಯುವುದು ಹೇಗೆ? ನಮ್ಮ ಮುಖವನ್ನು ನೋಡಿ ಅವರು ನಕ್ಕರು. ಒಂದು ಹಿಡಿಯನ್ನು ನಮಗೆ ಕೊಟ್ಟು, ಅಂಗಳದಲ್ಲಿದ್ದ ಜಾಲಿಯ ದಿಮ್ಮಿಯ ಆಚೆ ಬದಿಗೆ ತಾವು ಕುಳಿತರು. ನಾವು ಕೈಗರಗಸದ ಅಭ್ಯಾಸದಂತೆ ನೂಕಿದೆವು. ಅಲಗು ನಡುವಿನಲ್ಲಿ ಹಾವಿನಂತೆ ಹೊರಳಿ ಕಚ್ಚಿಕೊಂಡಿತು.

“ನೂಕಬ್ಯಾಡ್ರಿ ಸರ. ಎಳೀರಿ, ಎಳದು ಬಿಡ್ರಿ. ಆಕಡಿ ಒಯ್ಯೋದು ನನ್ನ ಕೆಲಸ.”

ಎಳೆದೆವು, ಬಿಟ್ಟೆವು. ಅವರು ಎಳೆದರು, ಬಿಟ್ಟರು. ಹೋಗುವಾಗ ಒಬ್ಬರ ಎಳೆತ, ಬರುವಾಗ ಇನ್ನೊಬ್ಬರ ಎಳೆತ. ನೂಕೆಂಬುದೇ ಇಲ್ಲದ ಅಲಗು ಹಗ್ಗದಂತೆ ಬಿಗಿದು ನೆಟ್ಟಗಾಯಿತು. ದಿಮ್ಮಿಯ ಎರಡು ಬದಿಗೂ ಕೆಂಪು ಹೊಟ್ಟು ಉದುರತೊಡಗಿತು.